ಪಿಕಪ್‌ಗೆ ಹೊಸ ಟೈರ್: ರೇಡಿಯಲ್ಲೋ, ನೈಲಾನೋ, ರೀಸೋಲೋ?

ಟೊಮೆಟೊ ಸೀಸನ್ ಹತ್ತಿರ ಬಂತು ಅಂದರೆ ನಮ್ಮ ಕೋಲಾರದ ಕಡೆ ಪಿಕಪ್ ಇಟ್ಟುಕೊಂಡವರೆಲ್ಲ ಟೈರ್ ಅಂಗಡಿ ಮುಂದೆ ಒಂದು ಸಲ ನಿಂತೇ ನಿಲ್ಲುತ್ತಾರೆ. ಎಲ್ಲರೂ ಕೇಳೋದು ಒಂದೇ, "ಯಾವ ಕಂಪನಿ ಹಾಕ್ಸೋದು?" ನನ್ನ ಕೇಳಿದರೆ ಇದು ನಾಲ್ಕನೇ ಪ್ರಶ್ನೆ. ಅದಕ್ಕೂ ಮುಂಚೆ ಮೂರು ಇವೆ. ಎಷ್ಟು ತೂಕ ಹೇರುತ್ತೀರಿ, ಎಂಥ ರಸ್ತೆಯಲ್ಲಿ ಓಡಿಸುತ್ತೀರಿ, ತಿಂಗಳಿಗೆ ಎಷ್ಟು ಕಿಲೋಮೀಟರ್ ಆಗುತ್ತೆ. ಈ ಮೂರಕ್ಕೆ ಉತ್ತರ ಇಲ್ಲದೆ ಅಂಗಡಿಗೆ ಹೋದರೆ, ಅಂಗಡಿಯವರ ಹತ್ತಿರ ಯಾವುದು ಜಾಸ್ತಿ ಸ್ಟಾಕ್ ಇದೆಯೋ ಅದೇ ನಿಮ್ಮ ಗಾಡಿಗೆ "ಬೆಸ್ಟ್" ಟೈರ್ ಆಗಿಬಿಡುತ್ತೆ.

ನನ್ನದು ಬೊಲೆರೊ ಪಿಕಪ್. ಊರಿಂದ ಕೋಲಾರ ಮಂಡಿಗೆ, ಮಂಡಿಯಿಂದ ಬೆಂಗಳೂರಿಗೆ, ಸೀಸನ್‌ನಲ್ಲಿ ಮುಳಬಾಗಿಲು ದಾಟಿ ಚೆನ್ನೈ ಕಡೆಗೂ ಓಡುತ್ತೆ. ಅರ್ಧ ಹೈವೇ, ಕಾಲು ಭಾಗ ಹಳ್ಳಿ ರೋಡು, ಇನ್ನು ಉಳಿದದ್ದು ತೋಟದ ದಾರಿ. ಆ ದಾರಿಯಲ್ಲಿ ಮಳೆಗಾಲಕ್ಕೆ ಕೆಂಪು ಮಣ್ಣು, ಬೇಸಿಗೆಗೆ ಜಲ್ಲಿ. ನೈಲಾನ್ ಹಾಕಿಸಿ ನೋಡಿದ್ದೇನೆ, ರೀಸೋಲ್ (ಸವೆದ ಟೈರ್ ಮೇಲೆ ಹೊಸ ರಬ್ಬರ್ ಕೂರಿಸೋದು) ಮಾಡಿಸಿ ನೋಡಿದ್ದೇನೆ, ಒಂದು ಸಲ ಮೋಸವೂ ಹೋಗಿದ್ದೇನೆ. ಅದನ್ನೆಲ್ಲ ಲೆಕ್ಕ ಹಾಕಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ತೂಕ

ಟೈರ್‌ನ ಪಕ್ಕದ ಗೋಡೆ ಮೇಲೆ ಸೈಜ್ ಬರೆದಿರುತ್ತೆ. ಬೊಲೆರೊ ಪಿಕಪ್‌ನ ಜಾಸ್ತಿ ಲೋಡಿನ ಮಾಡೆಲ್‌ಗಳಿಗೆ 7.00 ಆರ್ 15 ಎಲ್‌ಟಿ, ಅಶೋಕ್ ಲೇಲ್ಯಾಂಡ್ ದೋಸ್ತ್‌ಗೆ 185 ಆರ್ 14 ಎಲ್‌ಟಿ, ಟಾಟಾ ಏಸ್‌ಗೆ 145 ಆರ್ 12 ಎಲ್‌ಟಿ ಬರುತ್ತೆ. ಮಾಡೆಲ್ ಮೇಲೆ ಬದಲಾಗುತ್ತೆ, ಹಾಗಾಗಿ ನನ್ನ ಮಾತು ಬಿಡಿ, ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೋ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲೋ ನೋಡಿ. ಇದರಲ್ಲಿ "ಎಲ್‌ಟಿ" ಅನ್ನೋ ಎರಡಕ್ಷರ ಮುಖ್ಯ. ಲೋಡ್ ಗಾಡಿಗೆ ಮಾಡಿದ ಟೈರ್ ಅಂತ ಅದರ ಅರ್ಥ. ಮೆತ್ತಗೆ ಓಡುತ್ತೆ, ಬೆಲೆಯೂ ಕಮ್ಮಿ ಅಂತ ಕಾರು, ಜೀಪಿನ ಟೈರ್ ಹಾಕಿಸಿಕೊಳ್ಳುವವರಿದ್ದಾರೆ. ಖಾಲಿ ಗಾಡಿಯಲ್ಲಿ ನಿಜವಾಗಿಯೂ ಚೆನ್ನಾಗಿರುತ್ತೆ. ನೂರು ಕ್ರೇಟ್ ಹೇರಿದ ದಿನ ಗೊತ್ತಾಗುತ್ತೆ ಯಾಕೆ ಕಮ್ಮಿ ಅಂತ.

ಸೈಜ್ ಆದ ಮೇಲೆ ಇನ್ನೊಂದು ನಂಬರ್ ಇರುತ್ತೆ, 109/107 ಅಂತಲೋ 112/110 ಅಂತಲೋ. ಅದು ಲೋಡ್ ಇಂಡೆಕ್ಸ್. ಬಹಳ ಜನ ಇದನ್ನು ಓದೋದೇ ಇಲ್ಲ, 8 ಪಿಆರ್, 10 ಪಿಆರ್ ಅಂತ ಪ್ಲೈ ಮಾತ್ರ ಕೇಳುತ್ತಾರೆ. ಪಿಆರ್ (ಪ್ಲೈ ರೇಟಿಂಗ್) ಅಂದರೆ ಒಳಗೆ ಅಷ್ಟು ಪದರ ಇದೆ ಅಂತಲ್ಲ, ಹಳೇ ಕಾಲದ ಅಷ್ಟು ಪದರದ ಟೈರ್‌ಗೆ ಸಮನಾದ ಶಕ್ತಿ ಇದೆ ಅಂತ. ಕೆಜಿ ಲೆಕ್ಕ ಬೇಕಿದ್ದರೆ ಲೋಡ್ ಇಂಡೆಕ್ಸನ್ನೇ ನೋಡಬೇಕು. 102 ಅಂದರೆ ಒಂದು ಟೈರ್ 850 ಕೆಜಿ ಹೊರುತ್ತೆ. 109 ಅಂದರೆ 1,030. 112 ಅಂದರೆ 1,120. ಎರಡು ನಂಬರ್ ಇದ್ದರೆ ಮೊದಲನೆಯದು ನಮ್ಮ ಪಿಕಪ್ ಥರ ಒಂದೊಂದೇ ಚಕ್ರ ಇರುವ ಗಾಡಿಗೆ, ಎರಡನೆಯದು ಹಿಂದೆ ಜೋಡಿ ಚಕ್ರ ಇರುವ ಗಾಡಿಗೆ.

ಈಗ ಕ್ರೇಟ್ ಲೆಕ್ಕಕ್ಕೆ ಬನ್ನಿ. ಒಂದು ಟೊಮೆಟೊ ಕ್ರೇಟ್, ಹಣ್ಣು 15 ಕೆಜಿ, ಕ್ರೇಟಿನ ತೂಕವೂ ಸೇರಿ ಹದಿನಾರೂವರೆ ಅಂತ ಇಟ್ಟುಕೊಳ್ಳೋಣ. ನೂರು ಕ್ರೇಟ್‌ಗೆ 1,650 ಕೆಜಿ. ಪಿಕಪ್‌ನಲ್ಲಿ ಈ ತೂಕದ ಬಹುಪಾಲು ಹಿಂದಿನ ಆಕ್ಸಲ್ ಮೇಲೇ ಬೀಳುತ್ತೆ. ಹತ್ತರಲ್ಲಿ ಒಂಬತ್ತು ಪಾಲು ಅಂದರೂ 1,485 ಆಯ್ತು. ಖಾಲಿ ಗಾಡಿಯ ಹಿಂಭಾಗವೇ 700 ಕೆಜಿ ಇದ್ದರೆ ಒಟ್ಟು 2,185. ಎರಡು ಟೈರ್‌ಗೆ ಹಂಚಿದರೆ ಒಂದೊಂದಕ್ಕೆ ಹತ್ತಿರ ಹತ್ತಿರ 1,093. ಅಂದರೆ 109 ಇಂಡೆಕ್ಸಿನ ಟೈರ್ ಆಗಲೇ ಸೋತುಹೋಯ್ತು, 112 ಇದ್ದರೆ ಕೂದಲೆಳೆಯಲ್ಲಿ ಪಾಸು. ಅದರ ಮೇಲೆ "ಇನ್ನೊಂದು ಹತ್ತು ಕ್ರೇಟ್ ಹಾಕ್ಕೊಳಪ್ಪ" ಅಂತ ಹೇಳುವವರು ನಮ್ಮಲ್ಲಿ ಕಮ್ಮಿಯೇ?

ಇದು ಅಂದಾಜಿನ ಲೆಕ್ಕ. ನಿಮ್ಮ ಗಾಡಿಯದು ಸರಿಯಾಗಿ ಬೇಕು ಅಂದರೆ ಸುಲಭದ ದಾರಿ ಇದೆ. ಲೋಡ್ ಆದ ಮೇಲೆ ವೇಬ್ರಿಡ್ಜ್‌ಗೆ ಹೋಗಿ, ಇಡೀ ಗಾಡಿ ಹತ್ತಿಸುವ ಬದಲು ಹಿಂದಿನ ಎರಡು ಚಕ್ರ ಮಾತ್ರ ತಟ್ಟೆ ಮೇಲೆ ನಿಲ್ಲಿಸಿ ತೂಕ ಹಾಕಿಸಿ. ಬಂದ ನಂಬರನ್ನು ಎರಡರಿಂದ ಭಾಗಿಸಿ. ಅದೇ ನಿಮ್ಮ ಟೈರ್ ಹೊರಬೇಕಾದ ತೂಕ. ಒಂದು ಚೀಟಿಯ ದುಡ್ಡಲ್ಲಿ ಇಷ್ಟು ದೊಡ್ಡ ವಿಷಯ ಬೇರೆಲ್ಲೂ ಗೊತ್ತಾಗಲ್ಲ. ಒಂದು ಮಾತು, ದಪ್ಪ ಟೈರ್ ಹಾಕಿಸಿದ ತಕ್ಷಣ ಗಾಡಿಯ ಪಾಸಿಂಗ್ ತೂಕ, ಅಂದರೆ ಹೇರಲು ಅನುಮತಿ ಇರುವ ತೂಕ, ಜಾಸ್ತಿ ಆಗಲ್ಲ. ಆರ್‌ಸಿಯಲ್ಲಿ ಬರೆದದ್ದೇ ಲೆಕ್ಕ. ಬ್ರೇಕು, ಆಕ್ಸಲ್ಲು, ಕಮಾನು ಪಟ್ಟಿ ಯಾವುದೂ ಬದಲಾಗಿಲ್ಲ ಅಲ್ವಾ.

ರೇಡಿಯಲ್, ನೈಲಾನ್

ಸೈಜ್‌ನ ಮಧ್ಯೆ "ಆರ್" ಇದ್ದರೆ ರೇಡಿಯಲ್, 7.00-15 ಅಂತ ಬರೀ ಗೆರೆ ಇದ್ದರೆ ನಾವು ನೈಲಾನ್ ಅಂತ ಕರೆಯುವ ಹಳೇ ಥರದ ಟೈರ್. ನೈಲಾನ್‌ನಲ್ಲಿ ಒಳಗಿನ ದಾರದ ಪದರಗಳು ಓರೆಯಾಗಿ ಒಂದರ ಮೇಲೊಂದು ಅಡ್ಡಡ್ಡ ಹೋಗಿರುತ್ತವೆ. ಹಾಗಾಗಿ ಪಕ್ಕದ ಗೋಡೆ ಗಟ್ಟಿ. ಕಲ್ಲು ತಾಗಿದರೆ ಬೇಗ ಹರಿಯಲ್ಲ. ಆದರೆ ಟೈರ್ ಉರುಳುವಾಗ ಆ ಪದರಗಳು ಒಂದಕ್ಕೊಂದು ಉಜ್ಜಿಕೊಂಡು ಬಿಸಿಯಾಗುತ್ತವೆ. ರೇಡಿಯಲ್‌ನಲ್ಲಿ ದಾರ ಈ ಅಂಚಿನಿಂದ ಆ ಅಂಚಿಗೆ ನೇರ ಹೋಗುತ್ತೆ, ಬಟನ್ (ರಸ್ತೆಗೆ ತಾಗುವ ಗೀರು ಗೀರಿನ ರಬ್ಬರ್) ಕೆಳಗೆ ಉಕ್ಕಿನ ಬೆಲ್ಟ್ ಇರುತ್ತೆ. ಬಿಸಿ ಕಮ್ಮಿ, ಸವೆತ ಕಮ್ಮಿ, ಡೀಸೆಲ್ಲೂ ಸ್ವಲ್ಪ ಉಳಿಯುತ್ತೆ. ಗೋಡೆ ಮಾತ್ರ ತೆಳು. ಚಪ್ಪಡಿ ಅಂಚಿಗೆ ಒತ್ತಿ ತಿರುಗಿಸಿದರೆ ಕಟ್ ಆಗುತ್ತೆ, ಮತ್ತೆ ಆ ಟೈರ್ ಸ್ಟೆಪ್ನಿಗೂ ಬರಲ್ಲ.

ಹಾಗಾಗಿ ಕ್ವಾರಿಯಿಂದ ಕಲ್ಲು ಹೊಡೆಯುವ ಗಾಡಿ, ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಅಷ್ಟೇ, ಸ್ಪೀಡ್ ಅಂತೂ ಇಲ್ಲವೇ ಇಲ್ಲ ಅನ್ನುವವರಿಗೆ ನೈಲಾನ್ ಇವತ್ತಿಗೂ ತಪ್ಪಲ್ಲ. ಹೈವೇ ಹತ್ತುವವರು ರೇಡಿಯಲ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಚೆನ್ನೈ ರೋಡಲ್ಲಿ ಲೋಡ್ ಹೊತ್ತು ಹೋಗುವಾಗ ನಾನು ಒಂದು ಸಲ ಚಹಾಕ್ಕೆ ನಿಲ್ಲಿಸಿ ಹಿಂದಿನ ನೈಲಾನ್ ಟೈರ್ ಮೇಲೆ ಕೈ ಇಟ್ಟಿದ್ದೆ. ಇಟ್ಟ ಕೈ ಹಾಗೇ ತೆಗೆದೆ. ಹಂಚಿನ ಮೇಲೆ ಇಟ್ಟ ಹಾಗಿತ್ತು. ಮುಂದಿನ ಸೆಟ್‌ಗೆ ರೇಡಿಯಲ್ ಹಾಕಿಸಿದ್ದು ಆ ಚಹಾ ಅಂಗಡಿಯಲ್ಲೇ ತೀರ್ಮಾನ ಆಯ್ತು. ಒಂದೇ ಆಕ್ಸಲ್‌ಗೆ ಒಂದು ಪಕ್ಕ ರೇಡಿಯಲ್, ಇನ್ನೊಂದು ಪಕ್ಕ ನೈಲಾನ್ ಮಾತ್ರ ಯಾವತ್ತೂ ಹಾಕಬೇಡಿ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತೆ.

ಬಟನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಉದ್ದುದ್ದ ಗೀರು ಇರೋದು ರಿಬ್. ಟಾರು ರೋಡಿಗೆ, ಮುಂದಿನ ಚಕ್ರಕ್ಕೆ ಅದೇ ಸರಿ, ಸ್ಟೇರಿಂಗ್ ಹಗುರ. ಅಡ್ಡಡ್ಡ ದಪ್ಪ ಕಟ್ಟೆ ಇರೋದು ಲಗ್. ಮಣ್ಣಲ್ಲಿ ಹಿಡಿತ ಚೆನ್ನಾಗಿ ಸಿಗುತ್ತೆ, ಹೈವೇಯಲ್ಲಿ ಗುಂಯ್ ಅಂತ ಸದ್ದು ಮಾಡಿಕೊಂಡು ಬೇಗ ಬಿಸಿಯಾಗುತ್ತೆ. ಎರಡೂ ಕಡೆ ಓಡುವವರಿಗೆ ಮುಂದೆ ರಿಬ್, ಹಿಂದೆ ಸೆಮಿ ಲಗ್. ನನ್ನದು ಹೀಗೇ ಇದೆ. ಒಂದೇ ತೊಂದರೆ ಅಂದರೆ ಮುಂದಿಂದ ಹಿಂದಕ್ಕೆ ಬದಲಾಯಿಸಿ ಹಾಕಲು ಆಗಲ್ಲ. ಲಗ್ ಸಂದಿಯಲ್ಲಿ ಜಲ್ಲಿ ಕಚ್ಚಿಕೊಳ್ಳುತ್ತೆ, ವಾರಕ್ಕೊಮ್ಮೆ ಸ್ಕ್ರೂ ಡ್ರೈವರ್ ಹಿಡಿದು ಕಿತ್ತು ಹಾಕಿ. ಬಿಟ್ಟರೆ ಅದು ಒಳಗೆ ಕೊರೆಯುತ್ತಾ ಹೋಗುತ್ತೆ.

ಪೈಸೆ ಲೆಕ್ಕ

ಟೈರ್ ಬೆಲೆ ಎಷ್ಟು ಅನ್ನೋದಕ್ಕಿಂತ ಕಿಲೋಮೀಟರ್‌ಗೆ ಎಷ್ಟು ಪೈಸೆ ಬಿತ್ತು ಅನ್ನೋದು ನೋಡಬೇಕು. ಲೆಕ್ಕಕ್ಕೆ ಅಂತ ಒಂದು ಟೈರ್ 7,000 ರೂಪಾಯಿ, 40,000 ಕಿಲೋಮೀಟರ್ ಬಂತು ಅಂದುಕೊಳ್ಳಿ. ಹದಿನೇಳೂವರೆ ಪೈಸೆ. ಇನ್ನೊಂದು 8,500, ಬಂದಿದ್ದು 55,000. ಹದಿನೈದೂವರೆ ಪೈಸೆ. ದುಬಾರಿ ಟೈರೇ ಅಗ್ಗ ಆಯ್ತು. ಆದರೆ ಎಷ್ಟು ಅಗ್ಗ? ನಾಲ್ಕು ಟೈರ್ ಸೇರಿ ಕಿಲೋಮೀಟರ್‌ಗೆ ಎಂಟು ಪೈಸೆ. ತಿಂಗಳಿಗೆ 3,000 ಕಿಲೋಮೀಟರ್ ಓಡಿದರೆ 240 ರೂಪಾಯಿ. ಇಷ್ಟೇ! ಇದಕ್ಕೋಸ್ಕರ ಆ ಕಂಪನಿ ಈ ಕಂಪನಿ ಅಂತ ನಾವು ಅರ್ಧ ದಿನ ಜಗಳ ಆಡುತ್ತೇವೆ. ದಾರಿಯಲ್ಲಿ ಟೈರ್ ಬರ್ಸ್ಟ್ ಆಗಿ, ಬೆಳಗ್ಗೆ ಹರಾಜು ತಪ್ಪಿ, ಬಿಸಿಲಿಗೆ ನಿಂತ ಟೊಮೆಟೊ ಅರ್ಧ ರೇಟಿಗೆ ಹೋದರೆ ಆ 240 ರೂಪಾಯಿಯ ಹಲವು ತಿಂಗಳ ಉಳಿತಾಯ ಒಂದೇ ದಿನದಲ್ಲಿ ಹೋಗುತ್ತೆ. ಅದಕ್ಕೇ ನಾನು ತೂಕದ ಲೆಕ್ಕ ಮೊದಲು ಅಂದಿದ್ದು.

ನಿಮ್ಮ ಟೈರ್ ಎಷ್ಟು ಓಡುತ್ತೆ ಅಂತ ಮುಂಚೆಯೇ ಅಂದಾಜು ಮಾಡಬಹುದು. ಗೀರಿನ ಆಳ ಅಳೆಯುವ ಚಿಕ್ಕ ಗೇಜ್ ಸಿಗುತ್ತೆ, ದೊಡ್ಡ ಬೆಲೆ ಏನಿಲ್ಲ. ಹೊಸದರಲ್ಲಿ 10 ಮಿ.ಮೀ. ಇತ್ತು, 10,000 ಕಿಲೋಮೀಟರ್ ಆದ ಮೇಲೆ ಎಂಟೂವರೆ ಇದೆ ಅಂದರೆ ಒಂದೂವರೆ ಸವೆದಿದೆ. 2 ಮಿ.ಮೀ. ಉಳಿದಾಗ ಬಿಚ್ಚುತ್ತೀರಿ ಅಂದರೆ ಬಳಸೋಕೆ ಸಿಗೋದು ಎಂಟು. ಹಾಗಾದರೆ ಈ ಟೈರ್ ಹತ್ತಿರ ಹತ್ತಿರ 53,000 ಓಡುತ್ತೆ. ಗೀರಿನ ತಳದಲ್ಲಿ ಅಲ್ಲಲ್ಲಿ ಚಿಕ್ಕ ದಿಬ್ಬ ಇರುತ್ತೆ ನೋಡಿ, ಗೋಡೆಯ ಮೇಲೆ ಸಣ್ಣ ತ್ರಿಕೋನ ಗುರುತು ಇದ್ದ ನೇರಕ್ಕೆ. ಬಟನ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು ಅಂತಲೇ. ಬೋಳು ಟೈರಲ್ಲಿ ಇನ್ನೂ ಒಂದು ಸೀಸನ್ ಅನ್ನುವವರಿಗೆ ಮಳೆ ಬಂದ ದಿನ ಬ್ರೇಕ್ ಉತ್ತರ ಹೇಳುತ್ತೆ.

ರೀಸೋಲ್ ವಿಷಯ

ಪೈಸೆ ಲೆಕ್ಕದಲ್ಲಿ ರೀಸೋಲ್‌ಗೆ ಎದುರೇ ಇಲ್ಲ. 2,500ಕ್ಕೆ ಮಾಡಿಸಿ 25,000 ಓಡಿದರೂ ಹತ್ತೇ ಪೈಸೆ. ಲಾರಿಯವರು ಸುಮ್ನೆ ಮಾಡಿಸಲ್ಲ. ಹಳೇ ಟೈರನ್ನು ಉಜ್ಜಿ, ಗಮ್ ಹಾಕಿ, ಮೊದಲೇ ಅಚ್ಚಾದ ಬಟನ್ ಪಟ್ಟಿ ಅಂಟಿಸಿ ಚೇಂಬರ್‌ನಲ್ಲಿ ಬೇಯಿಸೋದು ಕೋಲ್ಡ್. ಹಸಿ ರಬ್ಬರ್ ಹಾಕಿ ಅಚ್ಚಿನಲ್ಲಿ ಜಾಸ್ತಿ ಬಿಸಿಗೆ ಬೇಯಿಸೋದು ಹಾಟ್. ಕೋಲ್ಡ್‌ನಲ್ಲಿ ಒಳಗಿನ ಟೈರ್‌ಗೆ ಬಿಸಿಯ ಏಟು ಕಮ್ಮಿ, ಹಾಗಾಗಿ ಮಾಡಿಸುವುದಾದರೆ ಅದೇ ವಾಸಿ.

ಆದರೆ ಲಾರಿಗೂ ಪಿಕಪ್‌ಗೂ ಒಂದು ವ್ಯತ್ಯಾಸ ಇದೆ, ಇದನ್ನು ಯಾರೂ ಹೇಳಲ್ಲ. ಲಾರಿಯ ಹಿಂದೆ ಜೋಡಿ ಚಕ್ರ. ಒಂದರ ಸೋಲ್ ಕಿತ್ತು ಬಂದರೂ ಪಕ್ಕದ್ದು ಗಾಡಿಯನ್ನು ಹಿಡಿದು ನಿಲ್ಲಿಸುತ್ತೆ. ನಮ್ಮ ಪಿಕಪ್‌ನ ಹಿಂದೆ ಆ ಕಡೆ ಒಂದು, ಈ ಕಡೆ ಒಂದು. ಹೋದರೆ ಹೋಯ್ತು, ಎತ್ತರಕ್ಕೆ ಕ್ರೇಟ್ ಕಟ್ಟಿದ ಗಾಡಿ ವಾಲುತ್ತೆ. ನಾನು ಒಂದೇ ಒಂದು ಸಲ ಹಿಂದಿನ ಎರಡಕ್ಕೂ ರೀಸೋಲ್ ಮಾಡಿಸಿದ್ದೆ. ಊರು–ಮಂಡಿ ಓಡಾಟಕ್ಕೆ ಏನೂ ತೊಂದರೆ ಆಗಲಿಲ್ಲ. ಬೆಂಗಳೂರು ಟ್ರಿಪ್ ಇದ್ದ ದಿನ ಮಾತ್ರ ಕನ್ನಡಿಯಲ್ಲಿ ಹಿಂದಿನ ಚಕ್ರವನ್ನೇ ನೋಡಿಕೊಂಡು ಹೋಗುತ್ತಿದ್ದೆ, ಅರ್ಧ ಗಮನ ಅಲ್ಲೇ. ಹಾಗಾಗಿ ನನ್ನ ತೀರ್ಪು ಇಷ್ಟು. ಲೋಕಲ್ ಗಾಡಿಗೆ, ಹಿಂದಕ್ಕೆ, ನಿಮ್ಮದೇ ಟೈರ್, ಒಂದೂ ದೊಡ್ಡ ಪಂಚರ್ ಅಥವಾ ಕಟ್ ಆಗದೆ ಇದ್ದದ್ದು, ಅದೂ ಮೊದಲ ಸಲದ ರೀಸೋಲ್ ಆದರೆ ಆಗಬಹುದು. ಮುಂದಕ್ಕೆ ಬೇಡವೇ ಬೇಡ. ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಯಾರದೋ ರೀಸೋಲ್ ಟೈರ್ ಕೊಳ್ಳೋದು, ಅದು ಎಷ್ಟು ಓವರ್‌ಲೋಡ್ ಹೊತ್ತಿದೆ ಅಂತ ಗೊತ್ತಿಲ್ಲದೆ, ನನಗಂತೂ ಧೈರ್ಯ ಇಲ್ಲ. ಸೆಕೆಂಡ್ ಹ್ಯಾಂಡ್ ಟೈರ್‌ಗೂ ಇದೇ ಮಾತು.

ಟ್ಯೂಬು, ಟ್ಯೂಬ್‌ಲೆಸ್ಸು

ನಿಮ್ಮ ಡಿಸ್ಕ್ (ಟೈರ್ ಕೂರುವ ಚಕ್ರದ ರಿಮ್) ಟ್ಯೂಬ್‌ಲೆಸ್‌ಗೆ ಮಾಡಿದ್ದಾಗಿದ್ದರೆ ಕಣ್ಣು ಮುಚ್ಚಿಕೊಂಡು ಟ್ಯೂಬ್‌ಲೆಸ್ ತಗೊಳ್ಳಿ. ಮೊಳೆ ಹೊಕ್ಕರೂ ಗಾಳಿ ನಿಧಾನ ಇಳಿಯುತ್ತೆ, ಅಂಗಡಿವರೆಗೆ ಹೋಗಬಹುದು. ಟ್ಯೂಬ್ ಆದರೆ ನಿಂತಲ್ಲೇ ಜಾಕ್ ಹಾಕಬೇಕು. ಟ್ಯೂಬ್ ಟೈರೇ ಹಾಕಿಸುವುದಾದರೆ ಹೊಸ ಟೈರ್‌ಗೆ ಹೊಸ ಟ್ಯೂಬ್ ಹಾಕಿಸಿ. ಹಳೇ ಟ್ಯೂಬ್ ಹಿಗ್ಗಿರುತ್ತೆ, ಒಳಗೆ ಮಡಿಕೆ ಬಿದ್ದು ಅದೇ ಜಾಗದಲ್ಲಿ ಹೋಗುತ್ತೆ. ಬೆಲೆ ಹೋಲಿಸುವಾಗ ಟ್ಯೂಬಿನ ದುಡ್ಡೂ ಸೇರಿಸಿ ಹೋಲಿಸಿ.

ಈಗ ಕಂಪನಿ

ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ. ಪಿಕಪ್ ಸೈಜ್‌ನಲ್ಲಿ ನಮ್ಮ ಕಡೆ ಹೆಚ್ಚಾಗಿ ಸಿಗೋದು ಈ ನಾಲ್ಕು. ಜೆಕೆಗೆ ನಮ್ಮ ಮೈಸೂರಿನ ನಂಟಿದೆ, ಹಳಬರು ವಿಕ್ರಾಂತ್ ಅಂತಲೇ ಕರೆಯುತ್ತಿದ್ದ ಕಾರ್ಖಾನೆಯನ್ನು 1997ರಲ್ಲಿ ಜೆಕೆಯವರು ತಗೊಂಡರು. ಎಂಆರ್‌ಎಫ್ ಅಂದರೆ ಜನಕ್ಕೆ ಒಂದು ನಂಬಿಕೆ, ಅದರಲ್ಲಿ ಕ್ರಿಕೆಟ್ ಬ್ಯಾಟ್‌ನ ಪಾಲು ಎಷ್ಟು, ರಬ್ಬರ್‌ನ ಪಾಲು ಎಷ್ಟು ಅಂತ ನಾನು ಹೇಳಲಾರೆ. ನಾನು ಮೂರು ಕಂಪನಿಯದ್ದು ಓಡಿಸಿದ್ದೇನೆ. ಒಂದೇ ಸೈಜ್, ಒಂದೇ ಲೋಡ್ ಇಂಡೆಕ್ಸ್, ಒಂದೇ ಥರದ ಬಟನ್ ಇದ್ದಾಗ ನನಗೆ ಕಂಡ ವ್ಯತ್ಯಾಸಕ್ಕಿಂತ, ಗಾಳಿ ಸರಿಯಾಗಿ ನೋಡಿಕೊಂಡ ವರ್ಷಕ್ಕೂ ನೋಡಿಕೊಳ್ಳದ ವರ್ಷಕ್ಕೂ ಇದ್ದ ವ್ಯತ್ಯಾಸವೇ ಜಾಸ್ತಿ. ಹಾಗಾಗಿ ನಾನು ನೋಡೋದು ಎರಡು. ನಿಮ್ಮ ಊರಲ್ಲಿ ಕ್ಲೇಮ್ ಮಾಡಿಕೊಡುವ ಡೀಲರ್ ಯಾವ ಕಂಪನಿಗಿದ್ದಾರೆ, ಮತ್ತು ಒಂದು ಟೈರ್ ಹೋದರೆ ಅದೇ ಬಟನ್‌ನ ಜೋಡಿ ಮತ್ತೆ ಸಿಗುತ್ತಾ. ಹೆಸರೇ ಕೇಳದ ಟೈರ್ ಆದರೆ ಮೊದಲು ಐಎಸ್‌ಐ ಗುರುತು ಹುಡುಕಿ. ಲೋಡ್ ಗಾಡಿ ಟೈರ್ ಮೇಲೆ ಐಎಸ್ 15636 ಅಂತ ಇರಬೇಕು.

ಕ್ಲೇಮ್ ಅಂದರೆ ಏನು ಅಂತಲೂ ತಿಳಿದಿರಲಿ. ಟೈರ್ ತಯಾರಿಕೆಯಲ್ಲೇ ದೋಷ ಇದ್ದರೆ ಮಾತ್ರ ಕೊಡುತ್ತಾರೆ, ಅದೂ ಉಳಿದ ಬಟನ್‌ನ ಆಳಕ್ಕೆ ತಕ್ಕಷ್ಟು. ಅರ್ಧ ಸವೆದಿದ್ದರೆ ಅರ್ಧ ದುಡ್ಡು ನೀವೇ ಹಾಕಬೇಕು. ಕಟ್, ಓವರ್‌ಲೋಡ್, ಗಾಳಿ ಇಲ್ಲದೆ ಓಡಿಸಿದ್ದು, ಇದ್ಯಾವುದಕ್ಕೂ ಸಿಗಲ್ಲ.

ನಾನು ಮೋಸ ಹೋದ ಕಥೆ ಇಲ್ಲಿ ಬರುತ್ತೆ. ಒಂದು ಅಂಗಡಿಯಲ್ಲಿ ಜೋಡಿಗೆ ಸಾವಿರ ರೂಪಾಯಿ ಕಮ್ಮಿ ಅಂದರು. ಖುಷಿಯಲ್ಲಿ ಹಾಕಿಸಿಕೊಂಡು ಬಂದೆ. ಎಂಟು ತಿಂಗಳಿಗೆ ಗೋಡೆಯ ಮೇಲೆ ಸಣ್ಣ ಸಣ್ಣ ಬಿರುಕು, ಒಣಗಿದ ಕೆರೆಯ ಹಾಗೆ. ಪಂಚರ್ ಅಂಗಡಿ ಹುಡುಗ ನೋಡಿ, "ಅಣ್ಣಾ, ಇದು ಹೊಸದಲ್ಲ, ನಂಬರ್ ಓದಿಲ್ವಾ?" ಅಂದ. ಗೋಡೆ ಮೇಲೆ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2324 ಅಂದರೆ 2024ರ 23ನೇ ವಾರ. ನನ್ನ "ಹೊಸ" ಟೈರ್ ನಾನು ಕೊಳ್ಳುವ ಹೊತ್ತಿಗೆ ನಾಲ್ಕು ವರ್ಷದ್ದು. ಬಿಲ್ಲೂ ಇರಲಿಲ್ಲ, "ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ" ಅಂದಿದ್ದರಲ್ಲ. ಯಾರ ಹತ್ತಿರ ಹೋಗಿ ಕೇಳೋದು? ಈಗ ಬೆಲೆ ಮಾತಾಡುವ ಮುಂಚೆ ಬಗ್ಗಿ ಆ ನಾಲ್ಕು ಅಂಕಿ ಓದುತ್ತೇನೆ. ಆರು ತಿಂಗಳ ಒಳಗಿನದ್ದು ಕೇಳುತ್ತೇನೆ, ವರ್ಷ ದಾಟಿದ್ದರೆ ಬೇರೆ ಅಂಗಡಿ.

ಬಿಲ್ ತಗೊಳ್ಳುವಾಗ ಜಿಎಸ್‌ಟಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 7,000 ಇರುವ ಟೈರ್ ಮೊದಲು 8,960 ಬೀಳುತ್ತಿತ್ತು, ಈಗ 8,260. ಯಾರಾದರೂ ಹಳೇ ರೇಟ್ ಪಟ್ಟಿ ತೋರಿಸಿ ಅದರ ಮೇಲೆ "ಡಿಸ್ಕೌಂಟ್" ಕೊಟ್ಟರೆ ನಗುತ್ತಾ ಎದ್ದು ಬನ್ನಿ. ಬಿಲ್‌ನಲ್ಲಿ ಟೈರ್‌ನ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಎರಡೇ ಕೊಂಡರೆ ಎಲ್ಲಿಗೆ ಹಾಕೋದು?

ನಮ್ಮ ಡ್ರೈವರ್‌ಗಳೆಲ್ಲ ಹೊಸದು ಮುಂದಕ್ಕೆ ಅನ್ನುತ್ತಾರೆ, ಮುಂದಿನದು ಬರ್ಸ್ಟ್ ಆದರೆ ಸ್ಟೇರಿಂಗ್ ಕೈಯಲ್ಲಿರಲ್ಲ ಅಂತ. ಟೈರ್ ಕಂಪನಿಗಳು ಹೊಸದು ಹಿಂದಕ್ಕೆ ಅನ್ನುತ್ತವೆ, ಮಳೆಯಲ್ಲಿ ಹಿಂಭಾಗ ಜಾರಿದರೆ ಗಾಡಿ ತಿರುಗಿಬಿಡುತ್ತೆ ಅಂತ. ಪಿಕಪ್‌ನಲ್ಲಿ ತೂಕ ಇರೋದೂ ಹಿಂದೆ, ಎಂಜಿನ್ ತಳ್ಳೋದೂ ಹಿಂದಿನ ಚಕ್ರವನ್ನೇ. ನಾನು ಹಿಂದಕ್ಕೆ ಹಾಕುತ್ತೇನೆ, ಆದರೆ ಮುಂದೆ ಉಳಿದ ಜೋಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಟನ್ ಇದ್ದರೆ ಮಾತ್ರ. ಇಲ್ಲ ಅಂದರೆ ನಾಲ್ಕೂ ಬದಲಾಯಿಸುವ ಸಮಯ ಬಂದಿದೆ ಅಂತಲೇ ಲೆಕ್ಕ, ಸಾಲ ಮಾಡಿಯಾದರೂ.

ಹಾಕಿಸಿದ ದಿನವೇ ಅಲೈನ್‌ಮೆಂಟ್, ಅಂದರೆ ಚಕ್ರಗಳು ನೇರಕ್ಕೆ ಇವೆಯಾ ಅಂತ, ನೋಡಿಸಿ. ಹಳೇ ಮುಂದಿನ ಟೈರ್ ಒಳಗಿನ ಅಂಚಲ್ಲಿ ಮಾತ್ರ ಸವೆದಿದ್ದರೆ ಹೊಸದೂ ಹಾಗೇ ಸವೆಯುತ್ತೆ, ಅದಕ್ಕೆ ಕಂಪನಿಯನ್ನು ಬೈದು ಪ್ರಯೋಜನ ಇಲ್ಲ. ನೈಟ್ರೋಜನ್ ಬೇಕಾ ಅಂತ ಕೇಳುತ್ತಾರೆ. ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ, ಆ ದುಡ್ಡಿಗೆ ಒಂದು ಪ್ರೆಶರ್ ಗೇಜ್ ಕೊಂಡು ಸೀಟಿನ ಕೆಳಗೆ ಇಟ್ಟುಕೊಳ್ಳಿ. ಬೆಳಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಬೇಕು. ಲೋಡ್‌ಗೆ ಒಂದು, ಖಾಲಿಗೆ ಒಂದು ಅಂತ ಸ್ಟಿಕರ್‌ನಲ್ಲಿ ಬೇರೆ ಬೇರೆ ಬರೆದಿರುತ್ತಾರೆ. ಓಡಿ ಬಂದ ಟೈರಲ್ಲಿ ಪ್ರೆಶರ್ ಏರಿರುತ್ತೆ, ಜಾಸ್ತಿ ಆಯ್ತು ಅಂತ ದಾರಿಯಲ್ಲಿ ಗಾಳಿ ಬಿಡಬೇಡಿ. ಗಾಳಿ ಕಮ್ಮಿ ಇದ್ದು ಲೋಡ್ ಜಾಸ್ತಿ ಆದರೆ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಡಿಸಿ ಬಿಸಿಯಾಗುತ್ತೆ, ಪದರ ಬಿಡುತ್ತೆ, ಪಕ್ಕದಲ್ಲಿ ಗುಳ್ಳೆ ಏಳುತ್ತೆ. ಗುಳ್ಳೆ ಕಂಡ ಟೈರ್‌ನಲ್ಲಿ ಒಂದು ಟ್ರಿಪ್ಪೂ ಹೋಗಬೇಡಿ.

ಬಿಚ್ಚಿದ ಹಳೇ ನಾಲ್ಕರಲ್ಲಿ ಚೆನ್ನಾಗಿರೋದನ್ನು ಸ್ಟೆಪ್ನಿಗೆ ಹಾಕಿಸಿ, ಈಗಿನ ಸ್ಟೆಪ್ನಿ ಹೇಗಿದೆ ಅಂತ ಒಮ್ಮೆ ಬಗ್ಗಿ ನೋಡಿದ ಮೇಲೆ. ಗಾಡಿ ಕೆಳಗೆ ಧೂಳಲ್ಲಿ ನೇತಾಡುತ್ತಿರುವ ಅದಕ್ಕೆ ಗಾಳಿ ಹಾಕಿ ಎಷ್ಟು ದಿನ ಆಯ್ತು, ನೆನಪಿದೆಯಾ?